ಅತಿಥಿಧರ್ಮದಲ್ಲಿ ಶೌಚವೂ ಸುಗಂಧವೂ

ಅತಿಥಿಸತ್ಕಾರವನ್ನು ಕುರಿತು ನಮ್ಮ ಗೃಹ್ಯಸೂತ್ರಕಾರರೂ ಧರ್ಮಶಾಸ್ತ್ರಕಾರರೂ ಬರೆದಿರುವುದು ಸ್ವಲ್ಪವಲ್ಲ. ಬಂದವನಿಗೆ ಆಸನ, ಕಾಲಿಗೆ ನೀರು, ಅರ್ಘ್ಯ, ಆಚಮನೀಯ, ಮಧುಪರ್ಕ, ಊಟ, ಹಾಸಿಗೆ ಎಂಬ ಕ್ರಮವನ್ನು ಅವರು ಎಣಿಸಿ ಹೇಳಿದ್ದಾರೆ. ಹೊರಟವನ ಜೊತೆಯಲ್ಲಿ ಎಷ್ಟು ದೂರ ಹೋಗಿ ಬೀಳ್ಕೊಡಬೇಕೆಂಬುದನ್ನೂ ಬಿಟ್ಟಿಲ್ಲ. ಆದರೆ ರಾತ್ರಿ ತಂಗಿದ ಅತಿಥಿಯು ಬೆಳಗ್ಗೆ ಎದ್ದೊಡನೆ ಹೋಗಬೇಕಾದ ಸ್ಥಳವಾವುದು, ಅದನ್ನು ಅವನಿಗೆ ತೋರಿಸುವವರಾರು, ಅಲ್ಲಿಯ ದುರ್ಗಂಧದ ವಿಷಯದಲ್ಲಿ ಅವನ ಹೊಣೆಯೆಷ್ಟು, ಮನೆಯವರ ಹೊಣೆಯೆಷ್ಟು ಎಂಬ ಪ್ರಶ್ನೆಗಳಿಗೆ ಅತಿಥಿಪೂಜೆಯ ಪ್ರಕರಣಗಳಲ್ಲಿ ಉತ್ತರ ಹುಡುಕಿದರೆ ಸಾಮಾನ್ಯವಾಗಿ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ವಿಷಯವು ಹೇಸಿಗೆಯದೆಂದು ವಿದ್ವಾಂಸರೂ ಇದನ್ನು ಬದಿಗಿರಿಸುತ್ತ ಬಂದಿದ್ದಾರೆ. ಹಾಗೆ ಬದಿಗಿರಿಸಿದುದರಿಂದ ನಮ್ಮ ಗೃಹಜೀವನದ ಚರಿತ್ರೆಯಲ್ಲಿ ಒಂದು ಮುಖ್ಯವಾದ ಪರಿವರ್ತನೆಯು ಗಮನಕ್ಕೆ ಬಾರದೆ ಹೋಗಿದೆ ಎಂಬುದು ನಮ್ಮ ಅಭಿಪ್ರಾಯ. ದುರ್ಗಂಧವನ್ನು ದೂರವಿಡುವುದು ಒಂದು ಮರ್ಯಾದೆ, ಸುಗಂಧವನ್ನು ಕೊಡುವುದು ಮತ್ತೊಂದು ಮರ್ಯಾದೆ. ಇವೆರಡೂ ಬಹುಕಾಲ ಬೇರೆಬೇರೆಯಾಗಿಯೇ ಇದ್ದುವು. ಒಂದರಿಂದ ಇನ್ನೊಂದನ್ನು ಮುಚ್ಚುವ ಪದ್ಧತಿಯು ಸಾಮಾನ್ಯ ಗೃಹಸ್ಥರ ಮನೆಗಳಲ್ಲಿ ನೆಲೆನಿಂತದ್ದು ತೀರ ಈಚಿನ ಮಾತು.

ಮೊದಲು ನಮ್ಮ ಮಾತುಗಳನ್ನೇ ನೋಡಬಹುದು. ಮಲವಿಸರ್ಜನೆಗೆ ಕನ್ನಡದಲ್ಲಿ ಬಳಕೆಯಲ್ಲಿರುವ ಮರ್ಯಾದೆಯ ನುಡಿಗಟ್ಟುಗಳೆಲ್ಲವೂ ಹೋಗುವುದನ್ನು ಹೇಳುತ್ತವೆಯೇ ಹೊರತು ಒಂದು ಕಟ್ಟಡವನ್ನು ಹೇಳುವುದಿಲ್ಲ: ಬಯಲಿಗೆ ಹೋಗುವುದು, ಹೊರಕಡೆಗೆ ಹೋಗುವುದು, ಕೆರೆಯ ಕಡೆಗೆ ಹೋಗುವುದು, ಚೊಂಬು ತೆಗೆದುಕೊಂಡು ಹೋಗುವುದು. ‘ಬಹಿರ್ದೆಸೆ’ ಎಂಬ ಮಾತಿನಲ್ಲಿಯೂ ‘ಹೊರಗೆ’ ಎಂಬುದೇ ಮೊದಲ ಪದ. ಕಟ್ಟಡವನ್ನು ಹೇಳುವ ಮಾತುಗಳಾದರೋ ಪರದೇಶದಿಂದ ಬಂದವು. ‘ಪಾಯಖಾನೆ’ಯು ಪಾರಸಿಯದು, ‘ಕಕ್ಕಸು’ ಎಂಬುದು ಡಚ್ಚರ ಮಾತಿನಿಂದ ತಮಿಳು ಮುಂತಾದ ದಕ್ಷಿಣದ ಭಾಷೆಗಳಿಗೆ ಇಳಿದುಬಂದುದೆಂದು ಪದನಿಷ್ಪತ್ತಿಯನ್ನು ಬಲ್ಲವರು ಹೇಳುತ್ತಾರೆ. ಬಚ್ಚಲಿಗೆ ದೇಶ್ಯ ಶಬ್ದವಿದೆ, ಹಿತ್ತಲಿಗಿದೆ, ಕೊಟ್ಟಿಗೆಗಿದೆ. ಏಕೆಂದರೆ ಇವು ಮನೆಯ ಅಂಗಗಳಾಗಿದ್ದುವು. ಹಳೆಯ ತೊಟ್ಟಿಮನೆಯಲ್ಲಿ ಸ್ನಾನದ ಒಲೆಯೂ ಹಂಡೆಯೂ ಮನೆಯೊಳಗೆ. ಈ ಇನ್ನೊಂದು ಕಾರ್ಯವು ಹಿತ್ತಲಿನಿಂದಾಚೆಗೆ. ಮನೆಗೆ ಬಂದ ನೆಂಟನಿಗೆ ಚೊಂಬು ಕೊಟ್ಟು ಜೊತೆಯಲ್ಲಿ ಒಬ್ಬ ಹುಡುಗನನ್ನು ಕಳುಹಿಸಿದರೆ ಮನೆಯವರ ಕರ್ತವ್ಯ ಮುಗಿಯಿತು. ಗಾಳಿಯೇ ಉಳಿದುದನ್ನು ನೋಡಿಕೊಳ್ಳುತ್ತಿತ್ತು.

ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಮೂತ್ರ, ಕಾಲು ತೊಳೆದ ನೀರು, ಎಂಜಲು ಇವೆಲ್ಲವೂ ವಸತಿಯಿಂದ ದೂರವಿರಬೇಕೆಂದು ವಿಧಿಸುತ್ತದೆ. ಇದು ಬಯಲು ಇದ್ದವರಿಗೆ ಸುಲಭವಾದ ವಿಧಿ. ಪಟ್ಟಣದಲ್ಲಿ ಗೋಡೆಗೆ ಗೋಡೆ ತಾಗಿ ಮನೆಗಳಿರುವಲ್ಲಿ ‘ದೂರ’ ಎಂಬುದನ್ನು ಅಳೆಯಬೇಕಾಗುತ್ತದೆ. ಆ ಅಳತೆಯು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೊರೆಯುತ್ತದೆ. ಮೂರನೆಯ ಅಧಿಕರಣದ ವಾಸ್ತುಪ್ರಕರಣದಲ್ಲಿ ಮೋರಿಯು ನೆರೆಮನೆಯ ಗೋಡೆಯಿಂದ ಇಂತಿಷ್ಟು ಅಂತರದಲ್ಲಿರಬೇಕು, ತಪ್ಪಿದರೆ ದಂಡ ಎಂದಿದೆ. ಮಲಸ್ಥಾನ, ಮೋರಿ, ಬಾವಿಗಳಿಗೂ ನಿಯಮವಿದೆ. ಇದಕ್ಕೆ ಒಂದೇ ಒಂದು ವಿನಾಯಿತಿಯನ್ನು ಗ್ರಂಥಕಾರನು ಕೊಟ್ಟಿದ್ದಾನೆ: ಬಾಣಂತಿಗಾಗಿ ತೋಡಿದ ಗುಂಡಿ, ಅದೂ ಹತ್ತು ದಿನಗಳವರೆಗೆ. ಎರಡನೆಯ ಅಧಿಕರಣದಲ್ಲಿ ನಗರಾಡಳಿತವನ್ನು ಹೇಳುವಾಗ ಪುಣ್ಯಸ್ಥಾನ, ಜಲಸ್ಥಾನ, ದೇವಗೃಹ, ರಾಜನ ಸ್ವತ್ತು ಇವುಗಳಲ್ಲಿ ಮಲವಿಸರ್ಜನೆ ಮಾಡಿದವನಿಗೆ ಒಂದು ಪಣದಿಂದ ಮೇಲಕ್ಕೆ ಏರುವ ದಂಡವನ್ನೂ, ಮೂತ್ರಕ್ಕೆ ಅದರ ಅರ್ಧವನ್ನೂ ಗೊತ್ತುಮಾಡಿದೆ. ಅದರೊಡನೆಯೇ ಔಷಧ, ವ್ಯಾಧಿ, ಭಯ ಈ ಮೂರು ನಿಮಿತ್ತಗಳಿಂದ ಹಾಗಾದವರು ದಂಡಾರ್ಹರಲ್ಲವೆಂದೂ ಹೇಳಿದೆ. ದಂಡನೀತಿಗೆ ಹೆಸರಾದ ಗ್ರಂಥದಲ್ಲಿ ಶರೀರದ ಅಸಹಾಯಕತೆಗೆ ದೊರೆತಿರುವ ಈ ಕ್ಷಮೆಯನ್ನು ಓದುಗರು ಗಮನಿಸಬೇಕು. ವಿರೇಚನ ತೆಗೆದುಕೊಂಡವನನ್ನೂ ಹೆದರಿದವನನ್ನೂ ನಾಚಿಸಿ ಪ್ರಯೋಜನವಿಲ್ಲವೆಂಬ ವಿವೇಕ ಅದರಲ್ಲಿದೆ.

ಆದರೆ ಇವೆಲ್ಲವೂ ಕಾನೂನು, ಮರ್ಯಾದೆಯಲ್ಲ. ಹಲವರು ಒಂದೇ ಶೌಚಗೃಹವನ್ನು ಬಳಸುವಾಗ ಒಬ್ಬರಿಗೊಬ್ಬರು ಹೇಗೆ ನಡೆದುಕೊಳ್ಳಬೇಕೆಂಬ ಸೂಕ್ಷ್ಮವು ಎಲ್ಲಕ್ಕಿಂತ ವಿವರವಾಗಿ ಸಿಕ್ಕುವುದು ಗೃಹಸ್ಥರ ಗ್ರಂಥಗಳಲ್ಲಿ ಅಲ್ಲ, ಮನೆಯನ್ನು ಬಿಟ್ಟವರ ಗ್ರಂಥದಲ್ಲಿ. ಪಾಲಿ ವಿನಯಪಿಟಕದ ಚುಲ್ಲವಗ್ಗದಲ್ಲಿ ಈ ವಿಷಯ ಎರಡು ಕಡೆ ಬಂದಿದೆ. ಐದನೆಯ ಖಂಧಕದ ಪ್ರಕಾರ, ಭಿಕ್ಷುಗಳು ವಿಹಾರದ ಆರಾಮದಲ್ಲಿ ಎಲ್ಲೆಂದರಲ್ಲಿ ಮಲವಿಸರ್ಜನೆ ಮಾಡುತ್ತಿದ್ದುದರಿಂದ ಆರಾಮವು ಕೆಟ್ಟಿತು; ಆಗ ಒಂದು ಕಡೆ ಗುಂಡಿ ತೋಡಲು ಅನುಮತಿ ದೊರೆಯಿತು. ಗುಂಡಿ ತೆರೆದಿದ್ದುದರಿಂದ ನಾರಿತು. ಮುಚ್ಚಳವನ್ನು ಮಾಡಲು ಅನುಮತಿ ದೊರೆಯಿತು. ಇಲ್ಲಿ ದುರ್ಗಂಧಕ್ಕೆ ಹೇಳಿದ ಪರಿಹಾರ ಮುಚ್ಚಳ, ಧೂಪವಲ್ಲ.

ಎಂಟನೆಯ ಖಂಧಕದಲ್ಲಿರುವ ವಚ್ಚಕುಟಿವತ್ತವೆಂಬ ಭಾಗವು ಇನ್ನೂ ಸ್ವಾರಸ್ಯವಾದುದು. ಹೊರಗೆ ನಿಂತವನು ಕೆಮ್ಮಬೇಕು; ಒಳಗೆ ಕುಳಿತವನೂ ಕೆಮ್ಮಿ ಉತ್ತರ ಕೊಡಬೇಕು. ಚೀವರವನ್ನು ಬಿದಿರಿನ ಗಳುವಿನ ಮೇಲೋ ಹಗ್ಗದ ಮೇಲೋ ಇಟ್ಟು, ಅವಸರಪಡದೆ ಒಳಗೆ ಹೋಗಬೇಕು. ನರಳುತ್ತ ಕುಳಿತುಕೊಳ್ಳಬಾರದು. ಹಲ್ಲುಕಡ್ಡಿಯನ್ನು ಕಚ್ಚಿಕೊಂಡು ಕುಳಿತುಕೊಳ್ಳಬಾರದು. ಶೌಚ ಮಾಡಿಕೊಳ್ಳುವಾಗ ನೀರಿನ ಶಬ್ದ ಮಾಡಬಾರದು, ಬೋಗುಣಿಯಲ್ಲಿ ನೀರನ್ನು ಮಿಗಿಸಿ ಬರಬಾರದು. ಸ್ಥಳವು ಮಲಿನವಾಗಿದ್ದರೆ ತೊಳೆಯಬೇಕು, ಕಸವಿದ್ದರೆ ಗುಡಿಸಬೇಕು, ಗಡಿಗೆಯಲ್ಲಿ ನೀರು ತೀರಿದ್ದರೆ ತುಂಬಿಡಬೇಕು. ಮಲಿನ ಮಾಡಿದವನು ತಾನೇ ಆಗಿರಬೇಕೆಂಬ ನಿರ್ಬಂಧವನ್ನು ಇಲ್ಲಿ ಹಾಕಿಲ್ಲ, ಕಂಡವನು ಮಾಡತಕ್ಕದ್ದು. ಮತ್ತೊಂದು ನಿಯಮದ ಹಿಂದೆ ಒಂದು ಕಥೆಯೂ ಇದೆ. ಮೊದಲು ಭಿಕ್ಷುಗಳು ಹಿರಿತನದ ಕ್ರಮದಲ್ಲಿ ಶೌಚಗೃಹಕ್ಕೆ ಹೋಗುತ್ತಿದ್ದರು. ಮೊದಲೇ ಬಂದ ಹೊಸ ಭಿಕ್ಷುಗಳು ಹಿರಿಯರಿಗಾಗಿ ಕಾದು ಕಾದು, ತಡೆದುಕೊಳ್ಳಲಾರದೆ ಮೂರ್ಛೆಬಿದ್ದರು. ಅಂದಿನಿಂದ ಹಿರಿತನವಲ್ಲ, ಬಂದ ಕ್ರಮವೇ ಇಲ್ಲಿ ಪ್ರಮಾಣವೆಂದು ವಿಧಿಸಲಾಯಿತು. ವಂದನೆ, ಆಸನ ಮುಂತಾದವುಗಳಲ್ಲಿ ಹಿರಿತನವನ್ನು ಅಷ್ಟು ಎಚ್ಚರದಿಂದ ಪಾಲಿಸಿದ ಸಂಘವು ಈ ಒಂದು ಬಾಗಿಲ ಮುಂದೆ ಅದನ್ನು ಕೈಬಿಟ್ಟಿತು.

ಅತಿಥಿಗೆ ನೇರವಾಗಿ ಸಂಬಂಧಿಸಿದ ಮಾತು ಅದೇ ಖಂಧಕದ ಆಗಂತುಕವತ್ತದಲ್ಲಿದೆ. ಬೇರೊಂದು ವಿಹಾರಕ್ಕೆ ಹೊಸದಾಗಿ ಬಂದ ಭಿಕ್ಷುವು ತನಗೆ ಯಾವ ವಸತಿ ಎಂದು ಕೇಳಬೇಕು; ಭಿಕ್ಷಾಟನೆಯ ಸ್ಥಳಗಳನ್ನು ಕೇಳಬೇಕು; ಮಲಸ್ಥಾನವೆಲ್ಲಿ, ಮೂತ್ರಸ್ಥಾನವೆಲ್ಲಿ, ಕುಡಿಯುವ ನೀರೆಲ್ಲಿ ಎಂದೂ ಕೇಳಬೇಕು. ಕೇಳುವುದು ಅವನ ಕರ್ತವ್ಯವೇ ಆದುದರಿಂದ ಅದರಲ್ಲಿ ನಾಚಿಕೆಗೆ ಎಡೆಯಿಲ್ಲ. ಯೂರೋಪಿನಲ್ಲಿ ಎರಾಸ್ಮಸನು ಹುಡುಗರ ಸಭ್ಯತೆಯನ್ನು ಕುರಿತು ೧೫೩೦ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ಕಾರ್ಯದಲ್ಲಿ ತೊಡಗಿದವನಿಗೆ ವಂದನೆ ಹೇಳುವುದು ಅಸಭ್ಯವೆಂದಿದ್ದಾನೆ. ಅದೂ ದಾಕ್ಷಿಣ್ಯವೇ, ಆದರೆ ಕಣ್ಣು ಮುಚ್ಚಿಕೊಳ್ಳುವ ದಾಕ್ಷಿಣ್ಯ. ಹೊಸಬನ ಬಾಯಲ್ಲಿ ಪ್ರಶ್ನೆಯನ್ನಿಟ್ಟ ವಿನಯದ ದಾಕ್ಷಿಣ್ಯವು ಅದಕ್ಕಿಂತ ಉಪಕಾರಿಯೆಂದು ನಮಗೆ ತೋರುತ್ತದೆ. ನಮ್ಮ ಮನೆಗಳಲ್ಲಿ ಕೇಳಲಾರದೆ, ಪ್ರಯಾಣದ ದಿನವೆಲ್ಲ ನೀರನ್ನೇ ಕುಡಿಯದೆ, ನೆಂಟರ ಮನೆಯಲ್ಲಿ ಹೊಟ್ಟೆತುಂಬ ಉಣ್ಣದೆ ದಿನ ಕಳೆದ ಹೆಂಗಸರ ವಿಷಯವನ್ನು ಬಲ್ಲವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಇನ್ನು ಸುಗಂಧದ ಕಡೆಗೆ ಬರೋಣ. ಇದರಲ್ಲಿ ಕರ್ಣಾಟಕದ ಸಾಮಗ್ರಿಯು ಸಮೃದ್ಧವಾಗಿದೆ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ೧೦೨೫ರಲ್ಲಿ, ಚಾವುಂಡರಾಯನು ಬರೆದ ‘ಲೋಕೋಪಕಾರ’ವು ವಾಸ್ತು, ಉದಕಾರ್ಗಳ, ವೃಕ್ಷಾಯುರ್ವೇದ, ಸೂಪಶಾಸ್ತ್ರ, ವೈದ್ಯಗಳ ಜೊತೆಯಲ್ಲಿ ಸುಗಂಧದ್ರವ್ಯಗಳ ತಯಾರಿಕೆಗೂ ಸ್ಥಳ ಕೊಟ್ಟಿದೆ. ಮನೆ ಕಟ್ಟುವವನೂ ಬಾವಿ ತೋಡುವವನೂ ತಿಳಿದಿರಬೇಕಾದ ವಿದ್ಯೆಗಳ ಸಾಲಿನಲ್ಲಿ ಗಂಧಯುಕ್ತಿಯೂ ಸೇರಿತ್ತೆಂಬುದು ಇದರಿಂದ ವಿದಿತವಾಗುತ್ತದೆ. ಒಂದು ಶತಮಾನದ ಮೇಲೆ ಕಲ್ಯಾಣದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಇಪ್ಪತ್ತು ಉಪಭೋಗಗಳನ್ನು ವರ್ಣಿಸುವಾಗ ಸ್ನಾನ, ತಾಂಬೂಲ, ವಿಲೇಪನ, ಮಾಲ್ಯ, ಧೂಪ ಇವುಗಳಿಗೆ ಪ್ರತ್ಯೇಕ ಭಾಗಗಳಿವೆ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹಿಗಾಗಿ ನಿಜಾಮುದ್ದೀನ್ ಮಹಮೂದನು ಬರೆದ ‘ಇತ್ರ್-ಎ-ನೌರಸ್ ಶಾಹಿ’ಯಾದರೋ ಸುಗಂಧಕ್ಕೇ ಮೀಸಲಾದ ಪಾರಸಿ ಗ್ರಂಥ. ಇವೆಲ್ಲಕ್ಕಿಂತ ಹಿಂದೆ, ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಗಂಧಯುಕ್ತಿಯಲ್ಲಿ ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿ ಭಾಗಗಳನ್ನು ಬದಲಿಸುತ್ತ ಹೋದರೆ ೧,೭೪,೭೨೦ ಗಂಧಗಳಾಗುತ್ತವೆಂದು ಲೆಕ್ಕ ಹಾಕಿದ್ದನು. ಗಣಿತದ ಅಧ್ಯಾಪಕರು ಇದನ್ನು ತರಗತಿಯಲ್ಲಿ ಮಾಡಿ ತೋರಿಸಬಹುದು: ಹದಿನಾರರಲ್ಲಿ ನಾಲ್ಕನ್ನು ಆರಿಸುವ ರೀತಿಗಳು ೧,೮೨೦, ಪ್ರತಿಯೊಂದಕ್ಕೂ ೯೬ ಭೇದಗಳು.

ಈ ಗಂಧಗಳು ಅತಿಥಿಗೆ ಸಲ್ಲುತ್ತಿದ್ದುದು ಹೇಗೆ? ಅವನ ಕಣ್ಣೆದುರಿಗೆ, ಅವನ ಕೈಗೆ ಅಥವಾ ಮೈಗೆ. ಮದುವೆಯ ಚಪ್ಪರದ ಬಾಗಿಲಲ್ಲಿ ಗಂಧದ ಬಟ್ಟಲನ್ನೂ ಪನ್ನೀರುದಾನಿಯನ್ನೂ ಹಿಡಿದು ನಿಂತವರನ್ನು ನೆನೆಸಿಕೊಂಡರೆ ಸಾಕು. ಕೊಡುವವನು ಕೊಡುವುದು ಕಾಣುತ್ತದೆ. ಒಲ್ಲದವನು ಕೈಯೆತ್ತಿ ತಡೆಯಬಹುದು. ಒಲ್ಲದವರು ಇದ್ದೇ ಇದ್ದರು. ಬ್ರಹ್ಮಚಾರಿಗೆ ಗಂಧಮಾಲ್ಯಗಳು ವರ್ಜ್ಯವೆಂದು ಮನುವಿನ ಎರಡನೆಯ ಅಧ್ಯಾಯದಲ್ಲಿದೆ. ಉಪೋಸಥವನ್ನು ಆಚರಿಸುವ ಬೌದ್ಧ ಉಪಾಸಕನೂ ಆ ದಿನ ಅವುಗಳನ್ನು ಬಿಡುತ್ತಾನೆ. ಆದುದರಿಂದ ಮುಂದೆ ಕುಳಿತವನು ಯಾರು, ಅವನಿಗೆ ಗಂಧ ಸಲ್ಲುವುದೇ ಎಂದು ನೋಡಿ ಕೊಡುವುದು ಮನೆಯವನ ಶೀಲದಲ್ಲಿ ಸೇರಿತ್ತು.

ವ್ರತದಿಂದಲ್ಲದೆ ಶರೀರದಿಂದಲೂ ಗಂಧವನ್ನು ಒಲ್ಲದವರಿರುತ್ತಾರೆಂಬುದನ್ನು ನಮ್ಮ ವೈದ್ಯರು ಅರಿಯದವರಲ್ಲ. ಮಾಧವನಿದಾನದ ಜ್ವರಪ್ರಕರಣದಲ್ಲಿ ಆಗಂತುಕ ಜ್ವರಗಳನ್ನು ಹೇಳುವಾಗ ಓಷಧಿಗಳ ಗಂಧದಿಂದ ಹುಟ್ಟುವ ಜ್ವರವೊಂದನ್ನು ಹೇಳಿದೆ. ಅದರ ಲಕ್ಷಣಗಳು ಮೂರ್ಛೆ, ತಲೆನೋವು, ವಾಂತಿ, ಸೀನು. ಇಂದು ತೀಕ್ಷ್ಣವಾದ ಪರಿಮಳದಿಂದ ಬಾಧೆಪಡುವವರು ವೈದ್ಯರಲ್ಲಿ ಹೇಳಿಕೊಳ್ಳುವ ದೂರುಗಳನ್ನು ಇದರೊಡನೆ ಇಟ್ಟು ನೋಡಿದರೆ ಹೋಲಿಕೆ ಎದ್ದುಕಾಣುತ್ತದೆ. ಎರಡೂ ಒಂದೇ ರೋಗವೆಂದು ನಾವು ಸಾಧಿಸಹೊರಟಿಲ್ಲ. ವಾಸನೆಯೊಂದರಿಂದಲೇ ಮನುಷ್ಯನು ಮಲಗಬಹುದೆಂಬುದನ್ನು ಹಾಸ್ಯ ಮಾಡದೆ ಒಪ್ಪಿ ಗ್ರಂಥಸ್ಥಗೊಳಿಸಿದ್ದರೆಂಬುದಷ್ಟೇ ಇಲ್ಲಿ ಪ್ರಕೃತ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಧೂಪದ ಉಪಯೋಗ ಭೋಗಕ್ಕೆ ಮಾತ್ರವೇ ಇತ್ತೆ? ಸೂತಿಕಾಗೃಹಕ್ಕೂ ವ್ರಣಿತನ ಕೋಣೆಗೂ ಹೊಗೆಹಾಕುವುದನ್ನು ಆಯುರ್ವೇದವು ವಿಧಿಸಿಲ್ಲವೆ? ವಿಧಿಸಿದೆ. ಬಾಣಂತಿಯ ಕೋಣೆಗೆ ಸಾಂಬ್ರಾಣಿ ಹಾಕುವ ವಾಡಿಕೆ ನಮ್ಮ ಮನೆಗಳಲ್ಲಿ ಇಂದಿಗೂ ಇದೆ. ಆದರೆ ಅದು ರಕ್ಷೆಗಾಗಿ, ಚಿಕಿತ್ಸೆಗಾಗಿ. ಶೌಚಸ್ಥಾನದ ನಾತವು ಬಂದವರಿಗೆ ತಿಳಿಯದಿರಲೆಂದು ಧೂಪ ಹಾಕುವುದಕ್ಕೆ, ಶೌಚಸ್ಥಾನವು ಬಂದವರ ಮೂಗಿಗೆ ಎಟುಕುವಷ್ಟು ಹತ್ತಿರದಲ್ಲಿರಬೇಕಷ್ಟೆ! ಅದು ಹತ್ತಿರ ಬಂದುದು ಹೇಗೆಂಬುದೇ ಮುಂದಿನ ಕಥೆ.

ಬೆಂಗಳೂರಿನ ನಿದರ್ಶನವನ್ನು ತೆಗೆದುಕೊಳ್ಳಬಹುದು. ೧೮೯೮ರ ಪ್ಲೇಗಿನ ಕಾಲದಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಲ್ಲಿ ಮನೆಗಳ ಹಿಂಭಾಗದಲ್ಲಿ ಕಿರಿದಾದ ಓಣಿಗಳನ್ನು ಬಿಡಲಾಯಿತು. ಕನ್ಸರ್ವೆನ್ಸಿ ಓಣಿಗಳೆಂದು ಇವುಗಳಿಗೆ ಹೆಸರು. ಕಕ್ಕಸು ಹಿತ್ತಲಿನ ಕೊನೆಯಲ್ಲಿ. ಅದರ ಹಿಂಬಾಗಿಲು ಈ ಓಣಿಗೆ. ಮುಂಬಾಗಿಲಿಗೆ ಬಂದ ಅತಿಥಿಗೆ ಗಂಧವೂ ಕಾಫಿಯೂ ದೊರೆಯುತ್ತಿದ್ದಾಗ ಹಿಂದಿನ ಓಣಿಯಲ್ಲಿ ಮತ್ತೊಬ್ಬರು ಬಂದು ಮಲವನ್ನು ಹೊತ್ತುಕೊಂಡು ಹೋಗುತ್ತಿದ್ದರು. ಹಳ್ಳಿಯಲ್ಲಿ ಬಯಲು ಕೊಡುತ್ತಿದ್ದ ದೂರವನ್ನು ಪೇಟೆಯಲ್ಲಿ ಮನುಷ್ಯರ ತಲೆಯ ಮೇಲೆ ಹೊರಿಸಿದಂತಾಯಿತು. ಗೃಹಸ್ಥನ ಮನೆಯು ನಾರದಿರಲೆಂದು ಕೆಲವು ಜಾತಿಗಳವರು ಹುಟ್ಟಿನಿಂದ ಆ ನಾತವನ್ನು ಹೊರಬೇಕಾಯಿತು. ಅದಕ್ಕೆ ಪ್ರತಿಫಲವಾಗಿ ಅದೇ ಮನೆಯ ಮುಂಬಾಗಿಲು ಅವರಿಗೆ ಮುಚ್ಚಿತ್ತು. ಬೆಂಗಳೂರಿನಲ್ಲಿ ಒಳಚರಂಡಿಯು ೧೯೨೨ರಲ್ಲಿ ಆರಂಭವಾದರೂ ಈ ಪದ್ಧತಿ ಕೂಡಲೇ ನಿಲ್ಲಲಿಲ್ಲ. ೧೯೭೦ರ ದಶಕದ ಮೊದಲಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ೧೯೯೩ರಲ್ಲಿ ಒಂದು, ೨೦೧೩ರಲ್ಲಿ ಇನ್ನೊಂದು, ಹೀಗೆ ಎರಡು ಕೇಂದ್ರ ಕಾನೂನುಗಳು ಬಂದುವು. ಇವೆರಡರ ನಡುವೆ, ೨೦೧೦ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಆ ವೃತ್ತಿಯ ಕುಟುಂಬಗಳವರು ತಮ್ಮನ್ನು ವಸತಿಯಿಂದ ಎಬ್ಬಿಸಹೊರಟುದನ್ನು ಪ್ರತಿಭಟಿಸಿ ಪುರಸಭೆಯ ಮುಂದೆ ಮೈಮೇಲೆ ಮಲವನ್ನು ಸುರಿದುಕೊಂಡರು. ವಾಸನೆಯ ಮರ್ಯಾದೆಯನ್ನು ಕುರಿತು ಬರೆಯುವ ಯಾರೂ ಆ ದಿನವನ್ನು ಬಿಟ್ಟು ಬರೆಯುವಂತಿಲ್ಲ. ಊರೆಲ್ಲ ಯಾವುದನ್ನು ಮೂಸಲಾರದೆ ಅವರ ಪಾಲಿಗೆ ಬಿಟ್ಟಿತ್ತೋ ಅದನ್ನೇ ಅವರು ಊರಿನ ಮುಂದೆ ತಂದಿಟ್ಟರು.

ಕಕ್ಕಸು ಮನೆಯೊಳಕ್ಕೆ ಬರಲು ಸಾಧ್ಯವಾದುದು ನೀರಿನ ಒಂದು ಸಣ್ಣ ಉಪಾಯದಿಂದ. ೧೭೭೫ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರದ ಕುಶಲಿಯು ಪಡೆದ ಪೇಟೆಂಟಿನಲ್ಲಿ ಕೊಳವೆಯನ್ನು ಬಾಗಿಸಿ, ಆ ಬಾಗಿನಲ್ಲಿ ಸ್ವಲ್ಪ ನೀರು ಸದಾ ನಿಲ್ಲುವಂತೆ ಮಾಡಿದ್ದನು. ಚರಂಡಿಯ ಅನಿಲವು ಆ ನೀರನ್ನು ದಾಟಿ ಮನೆಯೊಳಗೆ ಬರಲಾರದು. ವಿನಯಪಿಟಕದ ಮುಚ್ಚಳವು ಇಲ್ಲಿ ನೀರಿನ ಮುಚ್ಚಳವಾಗಿದೆ ಎನ್ನಬಹುದು. ಆದರೆ ಬಹುದಿನ ಯಾರೂ ಬಳಸದ ಶೌಚಗೃಹದಲ್ಲಿ ಆ ನೀರು ಆವಿಯಾಗಿ ಹೋಗುತ್ತದೆ. ಆಗ ಚರಂಡಿಯ ನಾತವು ತಡೆಯಿಲ್ಲದೆ ಒಳಗೆ ಬರುತ್ತದೆ. ಅತಿಥಿಗಳಿಗೆಂದೇ ಮೀಸಲಿಟ್ಟ ಕೋಣೆಯ ಶೌಚಗೃಹಕ್ಕೇ ಹೀಗಾಗುವುದು ಹೆಚ್ಚು. ಇದಕ್ಕೆ ಬೇಕಾದುದು ಎರಡು ಚೊಂಬು ನೀರು. ನಾವು ಮಾಡುವುದಾದರೋ ಸುಗಂಧವನ್ನು ತಂದು ಸುರಿಯುವುದು.

ಹೀಗೆ ಸುರಿಯುವ ದ್ರವ್ಯಗಳ ಚರಿತ್ರೆಯೂ ಹಳೆಯದಲ್ಲ. ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣದಲ್ಲಿ ಚರಂಡಿಯ ಕೊಳಚೆಗೆ ಕಾರ್ಬಾಲಿಕ್ ಆಮ್ಲವನ್ನು ಹಾಕಿ ನಾತವನ್ನು ಅಡಗಿಸಿದ ಸುದ್ದಿಯನ್ನು ಕೇಳಿಯೇ ಜೋಸೆಫ್ ಲಿಸ್ಟರನು ೧೮೬೫ರಲ್ಲಿ ಅದನ್ನು ವ್ರಣಗಳಿಗೆ ಬಳಸಿ ನೋಡಿದನು. ಆ ವಂಶದ ದ್ರವ್ಯಗಳೇ ಫಿನಾಯಿಲೆಂಬ ಹೆಸರಿನಲ್ಲಿ ನಮ್ಮ ಬಚ್ಚಲುಗಳಿಗೆ ಬಂದುವು. ಬಟ್ಟೆಯ ಪೆಟ್ಟಿಗೆಗೆಂದು ಬಂದ ನುಸಿಗುಳಿಗೆಯು ಬಚ್ಚಲಿನ ಮೋರಿಯ ಬಾಯಿಗೂ ಕೈತೊಳೆಯುವ ಬೋಗುಣಿಗೂ ಇಳಿಯಿತು. ಇದು ನ್ಯಾಫ್ತಲೀನು. ಜಿ-೬-ಪಿ-ಡಿ ಎಂಬ ಕಿಣ್ವವು ಹುಟ್ಟಿನಿಂದಲೇ ಕಡಿಮೆಯಿರುವವರಲ್ಲಿ, ವಿಶೇಷವಾಗಿ ಹಸುಳೆಗಳಲ್ಲಿ, ಇದು ಕೆಂಪು ರಕ್ತಕಣಗಳನ್ನು ಒಡೆಯಬಲ್ಲುದೆಂದು ವೈದ್ಯರು ದೃಢಪಡಿಸಿದ್ದಾರೆ. ಶುಚಿತ್ವದ ಗುರುತೆಂದು ನಾವು ಎಣಿಸಿದ ವಾಸನೆಯು ಬಂದವರ ಕಂಕುಳಿನ ಕೂಸಿಗೆ ಅಪಾಯವಾಗಬಹುದೆಂಬುದು ಎಷ್ಟು ಮನೆಗಳಲ್ಲಿ ತಿಳಿದಿದೆ?

ನಮ್ಮ ಮನೆಯಲ್ಲಿ ತಿಳಿದಿರಲಿಲ್ಲ. ಕೆಲವು ವರ್ಷಗಳ ಹಿಂದೆ ಉಪನ್ಯಾಸಕ್ಕಾಗಿ ಬಂದ ವಿದುಷಿಯೊಬ್ಬರನ್ನು ನಾವು ಮನೆಯಲ್ಲಿ ಇಳಿಸಿಕೊಂಡಿದ್ದೆವು. ಅವರ ಬರವಿಗೆಂದು ಬಚ್ಚಲಿಗೆ ಹೊಸ ನುಸಿಗುಳಿಗೆಗಳನ್ನು ಹಾಕಿಸಿ, ಊದುಬತ್ತಿ ಹಚ್ಚಿ, ಪರಿಮಳದ ದ್ರವವನ್ನೂ ಸಿಂಪಡಿಸಿ ಬಾಗಿಲು ಮುಚ್ಚಿದ್ದೆವು. ಅವರಿಗೆ ಉಬ್ಬಸವಿತ್ತು. ಒಂದು ಗಂಟೆಯೊಳಗೆ ಕೆಲಸದ ನೆಪ ಹೇಳಿ ಬೇರೆ ಕಡೆಗೆ ಹೊರಟುಹೋದರು. ನಿಜವಾದ ಕಾರಣವನ್ನು ಬಹಳ ಸಂಕೋಚದಿಂದ ಆಮೇಲೆ ಪತ್ರದಲ್ಲಿ ತಿಳಿಸಿದರು. ಚಪ್ಪರದ ಬಾಗಿಲಲ್ಲಿ ಗಂಧದ ಬಟ್ಟಲನ್ನು ಕೈಯೆತ್ತಿ ತಡೆಯಬಹುದಾಗಿತ್ತು. ಗಾಳಿಯಲ್ಲಿ ಕಲಸಿದ ಗಂಧವನ್ನು ತಡೆಯುವುದು ಹೇಗೆ? ನಮ್ಮ ಮನೆಯಲ್ಲಿ ಏನು ನಾರುತ್ತಿದೆಯೆಂಬುದು ನಮಗೆ ತಿಳಿಯುವಂತೆಯೂ ಇರಲಿಲ್ಲ. ಮೂಗು ತನ್ನ ಮನೆಯ ವಾಸನೆಗೆ ಬೇಗನೆ ಒಗ್ಗಿಹೋಗುತ್ತದೆ. ಸುವಾಸನೆಯಾಗಲಿ ದುರ್ವಾಸನೆಯಾಗಲಿ ಅದನ್ನು ಅಳೆಯಬಲ್ಲವನು ಹೊರಗಿನಿಂದ ಬಂದವನೊಬ್ಬನೇ.

ಮೂಗಿನ ತೀರ್ಪನ್ನು ಪೂರ್ಣವಾಗಿ ನಂಬುವಂತೆಯೂ ಇಲ್ಲ. ಮಲದ ನಾತಕ್ಕೆ ಕಾರಣವಾದ ಇಂಡೋಲ್ ಎಂಬ ದ್ರವ್ಯವೇ ಅತಿ ಸ್ವಲ್ಪ ಪ್ರಮಾಣದಲ್ಲಿ ಮಲ್ಲಿಗೆಯ ಕಂಪಿನಲ್ಲಿಯೂ ಇದೆ. ಯೂರೋಪಿನ ಒಕ್ಕೂಟವು ಚರ್ಮದ ಒಗ್ಗದಿಕೆಯನ್ನು ಉಂಟುಮಾಡುವ ೨೬ ಸುಗಂಧದ್ರವ್ಯಗಳನ್ನು ಪ್ರಸಾಧನ ಸಾಮಗ್ರಿಗಳ ಮೇಲೆ ಹೆಸರಿಸಿ ಮುದ್ರಿಸಬೇಕೆಂದು ೨೦೦೩ರಲ್ಲಿ ವಿಧಿಸಿತು. ೨೦೨೩ರಲ್ಲಿ ಆ ಪಟ್ಟಿಯನ್ನು ೮೦ಕ್ಕೂ ಮೀರಿ ಬೆಳೆಸಿತು. ಪಟ್ಟಿಯಲ್ಲಿ ಲವಂಗದ ಯೂಜಿನಾಲೂ ದಾಲ್ಚಿನ್ನಿಯ ಸಿನ್ನಮಾಲೂ ಇವೆ. ನಮ್ಮ ಪ್ರಾಚೀನರ ಗಂಧಯುಕ್ತಿಗೂ ಈ ಎರಡು ಪದಾರ್ಥಗಳು ಪರಿಚಿತವೇ. ದ್ರವ್ಯಗಳು ಹೊಸವಲ್ಲ. ಅವುಗಳನ್ನು ಕೇಳದೆ ಹರಡುವ ರೀತಿ ಹೊಸದು.

ಆ ವಿದುಷಿಯು ಕಳೆದ ವರ್ಷ ಮತ್ತೆ ನಮ್ಮ ಊರಿಗೆ ಬಂದರು. ಬರುವ ಮೊದಲೇ ನಾವು ಪತ್ರ ಬರೆದು ಏನು ಇರಬಾರದೆಂದು ಕೇಳಿದ್ದೆವು. ಅವರೂ ಸಂಕೋಚವಿಲ್ಲದೆ ಬರೆದಿದ್ದರು. ನುಸಿಗುಳಿಗೆಗಳನ್ನು ತೆಗೆಸಿ, ಕಿಟಕಿಯನ್ನು ತೆರೆದಿಟ್ಟು, ಬಹುದಿನ ಬಳಸದಿದ್ದ ಆ ಕೋಣೆಯ ಕೊಳವೆಗೆ ಎರಡು ಚೊಂಬು ನೀರು ಸುರಿದೆವು. ಮೂರು ದಿನ ಇದ್ದು ಹೋದರು.